ಜೊಹ್ರಾಳ ಕಾಗದ

“ಸಾಹೇಬ್ರೆ, ಇವತ್ತಾದ್ರೂ ಒತ್ತಿಕೊಡ್ತೀರಾ?” ಎನ್ನುತ್ತಾ ಹಾಜ್ ಮಿಲೂದ್ ಕಾಗದವನ್ನು ಮೇಜಿನ ಮೇಲಿಟ್ಟ. ಮೂರು ದಿನಗಳಿಂದ ಅದೇ ಕಾಗದ, ಅದೇ ಪ್ರಶ್ನೆ. ಚಿಕಿತ್ಸೆಗೆಂದು ಲಿಬಿಯಾದಿಂದ ಟ್ಯುನೀಷಿಯಾಕ್ಕೆ ಕರೆತಂದಿದ್ದ ಅವನ ಹೆಂಡತಿ ಜೊಹ್ರಾ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದಳು. ತನ್ನೂರಿನಲ್ಲಿ, ಮಗನ ಗೋರಿಯ ಪಕ್ಕದಲ್ಲೇ ಮಣ್ಣು ಮಾಡಬೇಕೆಂಬುದು ಅವಳ ಕೊನೆಯ ಮಾತು. ಗಡಿಯಾಚೆ ಒಯ್ಯಲು ಹೆಣ ಬಿಟ್ಟುಕೊಡಬೇಕಾದರೆ ಆಸ್ಪತ್ರೆಯವರಿಗೆ ಲಿಬಿಯಾ ಕಾನ್ಸುಲೇಟಿನ ಪತ್ರ ಬೇಕು; ಪತ್ರಕ್ಕೆ ಮುದ್ರೆ ಬೇಕು.

ಮುದ್ರೆಗೇನೂ ಬರವಿರಲಿಲ್ಲ. ಕಾನ್ಸುಲೇಟ್ ಅಧಿಕಾರಿ ಅಶೂರನ ಮೇಜಿನ ಖಾನೆಯಲ್ಲಿ ಎರಡೆರಡಿದ್ದವು. ಒಂದು, ಅವನು ಇಪ್ಪತ್ತೆರಡು ವರ್ಷ ಒತ್ತಿದ ಹಳೆಯ ಸರ್ಕಾರದ್ದು. ಇನ್ನೊಂದು, ಬಂಡಾಯದವರು ಹೋದ ವಾರ ಬೆಂಗಾಜಿಯಿಂದ ಕಳಿಸಿದ್ದು. ರಾಜಧಾನಿ ಟ್ರಿಪೊಲಿಯ ಬೀದಿಗಳಲ್ಲಿ ಇನ್ನೂ ಗುಂಡು ಹಾರುತ್ತಿತ್ತು. ಹಳೆಯದನ್ನು ಒತ್ತಿದರೆ, ನಾಳೆ ಬಂಡಾಯದವರು ಗೆದ್ದಾಗ ಕೆಲಸದಿಂದ ಕಿತ್ತೆಸೆಯುತ್ತಾರೆ. ಹೊಸದನ್ನು ಒತ್ತಿದ ಸುದ್ದಿ ಹಳಬರ ಕಿವಿಗೆ ಬಿದ್ದರೆ, ಟ್ರಿಪೊಲಿಯ ಸರ್ಕಾರಿ ಮನೆಯಲ್ಲಿರುವ ಹೆಂಡತಿ ಮಕ್ಕಳ ಗತಿ? ಅಶೂರ ಕೆಟ್ಟವನಲ್ಲ. ಯಾವ ಕಾಗದ ಬಂದರೂ ಇದು ಮುಂದೆ ಯಾರ ಕೈಗೆ ಸಿಗುತ್ತದೋ ಎಂದು ಮೊದಲು ಯೋಚಿಸುವುದು ಅವನಿಗೆ ನೌಕರಿ ಕಲಿಸಿದ ಬುದ್ಧಿ.

“ಗಡೀಲಿ ಯಾವ ಬಾವುಟ ಇದೆ ಅನ್ನೋದೇ ಗೊತ್ತಾಗ್ತಿಲ್ಲ ಹಾಜ್. ತಪ್ಪು ಮುದ್ರೆ ಕಂಡ್ರೆ ಅಲ್ಲೇ ತಡೀತಾರೆ. ಈ ಬಿಸಿಲಲ್ಲಿ ಹೆಣ ಇಟ್ಕೊಂಡು ಏನ್ಮಾಡ್ತೀರಿ? ನಾಳೆ ಬನ್ನಿ, ದೇವರಿಚ್ಛೆ ಇದ್ರೆ ಆಗುತ್ತೆ.”

“ದೇವರಿಚ್ಛೆ ಅವಳು ಹೋದ ದಿನಾನೇ ಆಯ್ತಲ್ಲ ಸಾಹೇಬ್ರೆ. ಈಗ ಬೇಕಿರೋದು ನಿಮ್ಮಿಚ್ಛೆ,” ಎಂದ ಮುದುಕ. ರಂಜಾನಿನ ಉಪವಾಸದ ದಿನಗಳು. ಒಂದು ಲೋಟ ಟೀ ಕುಡಿಸಿ, ಸಮಾಧಾನ ಹೇಳಿ ಕಳಿಸುವ ದಾರಿಯೂ ಇರಲಿಲ್ಲ. ಅವನು ಕಾಗದ ಮಡಚಿಕೊಂಡು ಹೊರಟ.

ಟ್ಯುನೀಷಿಯಾದವಳೇ ಆದ ಗುಮಾಸ್ತೆ ಲತೀಫಾಳ ಬಾಯಿ ಜೋರು. “ಎರಡನ್ನೂ ಒತ್ತಿಬಿಡಿ ಸರ್. ಒಂದು ಈ ಮೂಲೆಗೆ, ಒಂದು ಆ ಮೂಲೆಗೆ. ಯಾರಿಗೆ ಯಾವ್ದು ಬೇಕೋ ನೋಡ್ಕೊಳ್ಲಿ.”

“ಆಮೇಲೆ ಇಬ್ರೂ ಸೇರಿ ನನ್ನ ಕತ್ತು ಹಿಸುಕ್ತಾರೆ,” ಎಂದು ಅಶೂರ ನಕ್ಕ. ಲತೀಫಾ ನಗಲಿಲ್ಲ.

ಎರಡು ದಿನ ಮುದುಕ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಟಿವಿಯಲ್ಲಿ ಟ್ರಿಪೊಲಿಯ ಚೌಕದ ತುಂಬ ಹೊಸ ಬಾವುಟಗಳು ಕಂಡವು. ಹೆಂಡತಿಯ ಫೋನೂ ಬಂತು, ಎಲ್ಲರೂ ಕ್ಷೇಮ. ಅಶೂರ ಹಳೆಯ ಮುದ್ರೆಯನ್ನು ಖಾನೆಯ ತಳಕ್ಕೆ ತಳ್ಳಿ, ಜೊಹ್ರಾಳ ಹೆಸರಿಗೆ ಹೊಸ ಪತ್ರವನ್ನೇ ಟೈಪ್ ಮಾಡಿಸಿ ಹೊಸ ಮುದ್ರೆ ಒತ್ತಿದ. ಅದು ಅಚ್ಚುಕಟ್ಟಾಗಿ ಮೂಡಿತು. ಪತ್ರವನ್ನು ಆಸ್ಪತ್ರೆಗೆ ಕಳಿಸಬೇಕು ಎನ್ನುವಷ್ಟರಲ್ಲಿ ಹಾಜ್ ಮಿಲೂದನೇ ಬಾಗಿಲಲ್ಲಿ ನಿಂತಿದ್ದ.

“ತಗೊಳ್ಳಿ ಹಾಜ್,” ಎನ್ನುತ್ತಾ ಅಶೂರ ಎದ್ದ. “ಇನ್ನು ಗಡೀಲಿ ಯಾರೂ ತಡೆಯೊಲ್ಲ.”

ಮುದುಕ ಕೈ ಚಾಚಲಿಲ್ಲ. “ನಿನ್ನೆ ಇಲ್ಲೇ ಮಣ್ಣು ಮಾಡ್ದೆ ಸಾಹೇಬ್ರೆ. ಇನ್ನು ಇಟ್ಕೊಳ್ಳೋಕಾಗಲ್ಲ ಅಂದ್ರು ಆಸ್ಪತ್ರೆಯೋರು. ಸತ್ತೋಳನ್ನ ಎಷ್ಟು ದಿನಾಂತ ಕಾಯಿಸೋದು? ಗುರುತಿಲ್ಲದೋರ ಮಧ್ಯೆ ಮಲಗಿದಾಳೆ. ಹೇಳಿ ಹೋಗೋಣ ಅಂತ ಬಂದೆ.”

ನಾಚಿಕೆಯಿಂದ ಅಶೂರನಿಗೆ ತಲೆ ಎತ್ತಲಾಗಲಿಲ್ಲ. ಆದರೂ ಬಾಯಿ ಹಳೆಯ ಮಾತನ್ನೇ ಹುಡುಕಿತು. “ನಿಮ್ಮ ಒಳ್ಳೇದಕ್ಕೇ ಹಾಜ್... ತಪ್ಪು ಮುದ್ರೆ ಬಿದ್ದಿದ್ರೆ ಗಡೀಲಿ...”

“ಗಡೀಲಿ ನನ್ನ ತಮ್ಮನ ಮಗ ವ್ಯಾನ್ ನಿಲ್ಲಿಸ್ಕೊಂಡು ಐದು ದಿನ ಕಾದ. ದಿನಾ ಫೋನ್ ಮಾಡ್ತಿದ್ದ,” ಎಂದ ಮುದುಕ. ದನಿಯಲ್ಲಿ ಸಿಟ್ಟಿರಲಿಲ್ಲ. “ಅವನ ಕಣ್ಣೆದುರಿಗೇ ನಾಲ್ಕು ಹೆಣ ದಾಟಿದ್ವು. ಹಳೇ ಬಾವುಟ ಇದ್ದಾಗ ಎರಡು, ಇಳಿಸಿದ ಮೇಲೆ ಎರಡು. ಯಾರೂ ಕಾಗದ ಬಿಚ್ಚಿ ನೋಡ್ಲಿಲ್ವಂತೆ. ಹೆಣ ಅಂದ ಕೂಡ್ಲೆ ಬಂದೂಕು ಕೆಳಗಿಟ್ಟು, ಕೈಯೆತ್ತಿ ಪ್ರಾರ್ಥನೆ ಮಾಡಿ, ಗೇಟು ತೆಗೆದ್ರಂತೆ. ಆಸ್ಪತ್ರೆಯೋರಿಗೂ ಅಷ್ಟೇ. ಯಾವ್ದೋ ಒಂದು ಮುದ್ರೆ ಸಾಕಿತ್ತು.”

ಅಶೂರ ಪತ್ರವನ್ನು ಮೇಜಿನ ಮೇಲಿಟ್ಟ. “ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ ಹಾಜ್?”

“ನೀವು ಸರ್ಕಾರದೋರು,” ಎಂದ ಹಾಜ್ ಮಿಲೂದ್. “ನಮಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತೆ ಅಂದ್ಕೊಂಡೆ.”