ಡೇರೆ ಗೆಡ್ಡೆ

ಮದುವೆಯಾಗಿ ಬಂದ ಮೂರು ವರ್ಷವೂ ಅತ್ತೆ ಆರಿಸಿಕೊಟ್ಟ ಡೇರೆ ಹೂವಿನ ಗೆಡ್ಡೆಗಳನ್ನೇ ಸೊಸೆ ಹಿತ್ತಲಲ್ಲಿ ನೆಟ್ಟಳು. ಗೊಬ್ಬರ ಕೊಟ್ಟಳು, ದಿನಾ ಮಣ್ಣು ಮುಟ್ಟಿ ನೋಡಿ ನೀರು ಹನಿಸಿದಳು. ಒಂದೂ ಚಿಗುರಲಿಲ್ಲ. ಪಕ್ಕದಲ್ಲೇ ಅತ್ತೆಯ ಮಡಿಯಲ್ಲಿ ಪುಟ್ಟ ಪುಟ್ಟ ಡೇರೆಗಳು ವರ್ಷವರ್ಷವೂ ಕಿಕ್ಕಿರಿದು ಅರಳುತ್ತಿದ್ದವು.

“ಕೈಗುಣ ಕಣೋ,” ಎಂದಳು ಅತ್ತೆ, ಮಗನಿಗೆ. “ಇವಳಿಗೆ ಮಣ್ಣಲ್ಲೂ ಚಿಗುರಲ್ಲ, ಹೊಟ್ಟೇಲೂ ಚಿಗುರಲ್ಲ. ಇನ್ನೂ ಎಷ್ಟು ವರ್ಷ ಕಾಯ್ತೀಯಾ?”

ಮರುದಿನ ಬೆಳಿಗ್ಗೆ ಮಗ ಹೆಂಡತಿಯನ್ನು ತವರಿನ ಬಸ್ಸು ಹತ್ತಿಸಿ ಬಂದ.

ಆ ವಾರವೇ ಮಗಳು ಗಂಡನ ಮನೆಯಿಂದ ಬಂದಳು. “ಅಮ್ಮಾ, ನನಗೂ ನಾಲ್ಕು ಗೆಡ್ಡೆ ಕೊಡೇ,” ಎನ್ನುತ್ತಾ ಮೂಲೆಯ ಬುಟ್ಟಿಗೆ ಕೈಹಾಕಿದಳು.

ತಾಯಿ ಗಾಬರಿಯಿಂದ ಅವಳ ಕೈ ಹಿಡಿದಳು.

“ಅದು ಬೇಡ ಕಣೇ, ಅದು ಅವಳಿಗೆ ಅಂತ ಕುದಿನೀರಲ್ಲಿ ಅದ್ದಿಟ್ಟಿದ್ದು.”