ಎರಡನೇ ಹೆಲ್ಮೆಟ್

ಬೇಸಿಗೆಯ ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ಮೆಕ್ಯಾನಿಕ್ ಮಾವ ಕಾರಿನ ಮುಂದಿನ ಚಕ್ರ ಬಿಚ್ಚಿ, ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರಿನೊಳಗಿಂದ ಸವೆದು ಗಡುಸಾದ ರಬ್ಬರ್ ಸೀಲನ್ನು ಹೊರತೆಗೆದರು. “ಕಳ್ಳ ಸಿಕ್ಕಿಬಿದ್ದ ನೋಡಮ್ಮ,” ಎಂದು ಸೊಸೆಯ ಅಂಗೈಯಲ್ಲಿಟ್ಟರು. ಹೋದ ವಾರ ರೇಸ್ ಟ್ರ್ಯಾಕಿನ ತಿರುವಿನಲ್ಲಿ ಬ್ರೇಕ್ ಕೈಕೊಟ್ಟು ಅವಳು ಹುಲ್ಲಿಗೆ ನುಗ್ಗಿದ್ದಳು. ಅಂದಿನಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ.

ಮಾವ ಹೊಸ ಸೀಲುಗಳನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ, ಬೆರಳಿನಿಂದಲೇ ಕೂರಿಸಿ, ಕ್ಯಾಲಿಪರಿನ ಪಿಸ್ಟನ್ನನ್ನು ಹೆಬ್ಬೆರಳಲ್ಲಿ ಒತ್ತಿದರು. ಅದು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಆಯಿಲಿನೊಳಗಿನ ಗಾಳಿ ತೆಗೆದ ಮೇಲೆ ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ಮಾವ ಚಕ್ರವನ್ನು ಮತ್ತೆ ಕೂರಿಸಿ ಬಿಗಿದರು.

“ಈ ಸಲ ಹಿಡಿಯುತ್ತಾ ಮಾವ?” ಸೊಸೆ ಕೇಳಿದಳು.

ಬೈಕಿನ ಹಿಂದೆ ಕೂರಲೂ ಹೆದರುವ ಮಾವ, ಮೊಳೆಗೆ ನೇತುಹಾಕಿದ್ದ ಇನ್ನೊಂದು ಹೆಲ್ಮೆಟ್ ತಲೆಗೇರಿಸಿ ಪಕ್ಕದ ಸೀಟಿನಲ್ಲಿ ಕೂತರು. “ನಡಿ, ನೋಡೇ ಬಿಡೋಣ. ನಿಮ್ಮತ್ತೆಗೆ ಮಾತ್ರ ಹೇಳಬೇಡ.”

ಸೊಸೆ ನಗುತ್ತಲೇ ಕೀಲಿ ತಿರುಗಿಸಿದಳು. ಆ ಭಾನುವಾರ ಟ್ರ್ಯಾಕಿಗೆ ಎಲ್ಲರಿಗಿಂತ ಮೊದಲು ಹೊರಟವರು ಅವರಿಬ್ಬರೇ.