ತೆಗೆದವರೇ ತೊಡಿಸಿ

ಹೊನ್ನಕ್ಕ ಸೆರಗಿನ ಗಂಟು ಬಿಚ್ಚಿ, ಒಳಗಿದ್ದ ಹಸಿರು ಗಾಜಿನ ಬಳೆಗಳನ್ನು ಅಂಗಡಿಯ ಮೇಜಿನ ಮೇಲಿಟ್ಟಳು. “ಇವನ್ನ ತೊಡ್ಸಿ ಸಿಸ್ಟರೇ” ಅಂದಳು.

‘ಸಿಸ್ಟರ್’ ಎಂದದ್ದು ಕೇಳಿ ಸಾಜಿಯಾ ತಟ್ಟನೆ ತಲೆಯೆತ್ತಿದಳು. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರವಿರುವ ಗಂಡ ಜಮಾಲನ ಬಳೆ ಅಂಗಡಿಯಲ್ಲಿ ಅವಳು ಕೂರತೊಡಗಿ ಒಂದು ಮಳೆಗಾಲ ಕಳೆದಿತ್ತು. ನರಸಿಂಹರಾಜಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ ಎಂದು ಗಿರಾಕಿಗಳ ಮುಂದೆ ಅಪ್ಪಿತಪ್ಪಿಯೂ ಬಾಯಿ ಬಿಟ್ಟಿರಲಿಲ್ಲ. ಒಂದು ಕಾಲದಲ್ಲಿ ರಜೆಯ ದಿನವೂ ವಾರ್ಡಿಗೆ ಹೋಗಿ ರೋಗಿಗಳನ್ನು ಮಾತಾಡಿಸಿ ಬರುತ್ತಿದ್ದ ಹುಚ್ಚಿ ಅವಳು. ಅಂಥ ಕೆಲಸ ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಸೊಂಟನೋವು ಅನ್ನುತ್ತಿದ್ದಳು. ಸೊಂಟಕ್ಕೆ ಏನೂ ಆಗಿರಲಿಲ್ಲ ಬಿಡಿ. ಕೆಲಸ ಬಿಟ್ಟರೂ ಅದರ ಅಭ್ಯಾಸ ಬಿಟ್ಟಿರಲಿಲ್ಲ. ಡ್ಯೂಟಿಯಲ್ಲಿ ಬಳೆ ಹಾಕುವಂತಿಲ್ಲವಲ್ಲ, ಇಲ್ಲಿಯೂ ಬರಿಗೈಯಲ್ಲೇ ಕೂರುತ್ತಿದ್ದಳು. ಬಳೆ ಅಂಗಡಿಯವಳೇ ಹೀಗೆ ಕೂತರೆ ವ್ಯಾಪಾರ ಆದ ಹಾಗೇ ಎಂದು ಜಮಾಲ್ ದಿನಾ ಗೊಣಗುವುದು, ‘ನಾಳೆ ಹಾಕ್ತೇನೆ’ ಎಂದು ಇವಳು ಜಾರಿಕೊಳ್ಳುವುದು.

“ಹಳೇ ಬಳೆ ಎಂತಕ್ಕಮ್ಮ? ಹೊಸ ಮಾಲು ಬಂದಿದೆ, ತೋರಿಸ್ತೇನೆ ಇರಿ” ಎಂದು ಜಮಾಲ್ ನಡುವೆ ಬಾಯಿ ಹಾಕಿದ.

“ಹೊಸತು ಬೇಡ ಸಾಹೇಬ್ರೆ. ಇವು ನಾನು ತೊಟ್ಟಿದ್ದೇ. ಆಸ್ಪತ್ರೇಲಿ ತೆಗ್ದದ್ದು ಇವ್ರೇ. ಅಲ್ಲಿಗೇ ಹೋಗಿ ವಿಚಾರ್ಸಿದೆ, ಇಲ್ಲಿದ್ದಾರೆ ಅಂದ್ರು.”

ಸಾಜಿಯಾಳಿಗೆ ಎಲ್ಲ ನೆನಪಾಯಿತು. ಮರೆತಿದ್ದರಲ್ಲವೇ ನೆನಪಾಗುವುದು! ಹೊನ್ನಕ್ಕನ ಗಂಡ ಐತ ತೀರಿಕೊಂಡ ಬೆಳಗು ಅದು. ಹೊನ್ನಕ್ಕ ಬೊಬ್ಬೆ ಹೊಡೆಯುತ್ತ ಎರಡೂ ಕೈ ಎತ್ತಿ ಮಂಚದ ಕಂಬಿಗೆ ಬಡಿಯಲು ಹೊರಟಿದ್ದಳು. ಸಾಜಿಯಾ ಆ ಕೈಗಳನ್ನು ಹಿಡಿದು, “ಇಲ್ಲಿ ಒಡೀಬೇಡಿ! ಚೂರು ಬಿದ್ರೆ ಯಾರ ಕಾಲಿಗೆ ಚುಚ್ತದೋ!” ಎಂದು ಗದರಿ, ಸೋಪಿನ ನೀರು ಹಚ್ಚಿ ಒಂದೊಂದೇ ಬಳೆ ತೆಗೆದು ಅವಳ ಮಡಿಲಿಗೆ ಹಾಕಿದ್ದಳು. ಆಮೇಲೆ ಆ ಮಂಚದ ಹಾಸು ಬದಲಿಸಿ ಮುಂದಿನ ರೋಗಿಯನ್ನು ಕರೆದಿದ್ದಳು. ಸಂಜೆ ಬಸ್ಸಿನಲ್ಲಿ ಕೂತಾಗ ಅವಳಿಗೆ ತನ್ನ ಮೇಲೆಯೇ ಭಯ ಹುಟ್ಟಿತು. ಹೆಂಗಸೊಬ್ಬಳು ಎದುರಲ್ಲೇ ಗಂಡನನ್ನು ಕಳೆದುಕೊಂಡಳು, ತನಗೆ ಅಳು ಬರುವುದಿರಲಿ, ಅಯ್ಯೋ ಅಂತಲೂ ಅನ್ನಿಸಲಿಲ್ಲ. ಸ್ವಲ್ಪ ದಿನಕ್ಕೇ ಕೆಲಸ ಬಿಟ್ಟಳು.

“ನಿಮ್ಹತ್ರ ಸುಳ್ಳು ಹೇಳೋದಿಲ್ಲ ಹೊನ್ನಕ್ಕ” ಅಂದಳು ಸಾಜಿಯಾ. “ಅವತ್ತು ನನಗೆ ನಿಮ್ಮ ಚಿಂತೆ ಇರ್ಲಿಲ್ಲ. ನೆಲದ ಮೇಲೆ ಗಾಜು ಬೀಳ್ತದಲ್ಲ, ಅದೊಂದೇ ತಲೇಲಿದ್ದದ್ದು. ಕಲ್ಲಾಗಿಬಿಟ್ಟಿದ್ದೆ. ನನ್ನಂಥೋಳು ಆ ಕೆಲಸದಲ್ಲಿ ಇರಬಾರ್ದು ಅಂತ್ಲೇ ಬಿಟ್ಟೆ.”

ಬಳೆ ಪೆಟ್ಟಿಗೆ ಒರೆಸುತ್ತಿದ್ದ ಜಮಾಲನ ಕೈ ಅಲ್ಲೇ ನಿಂತಿತು. ಹೊನ್ನಕ್ಕ ಮಾತ್ರ ನಕ್ಕುಬಿಟ್ಟಳು.

“ನೀವು ಬೈದದ್ದು ನಂಗೆ ಮರ್ತು ಹೋಗಿದ್ಯಾ? ಬಾಯಿ ಬೈತಿತ್ತು, ಕೈ ಬೈತಿರ್ಲಿಲ್ಲ ಮಾರಾಯ್ರೆ. ನಮ್ಮ ಅತ್ತಿಗೆ ಗಂಡ ಹೋದಾಗ ಅವ್ಳ ಕೈ ಹಿಡ್ದು ಕಲ್ಲಿಗೆ ಕುಟ್ಟಿದ್ರು. ಕಲೆ ಇನ್ನೂ ಉಂಟು. ನನ್ನ ಕೈ ನೋಡಿ, ಒಂದು ಗೀರಿಲ್ಲ.” ಎರಡೂ ಕೈ ತಿರುಗಿಸಿ ತೋರಿಸಿದಳು. “ಬರೋ ವಾರ ಮಗಳು ಕುಸುಮಾನ ಮದುವೆ. ಅಮ್ಮ ಬರಿಗೈಲಿ ಚಪ್ಪರಕ್ಕೆ ಬರೋದಾದ್ರೆ ನಂಗೆ ಮದುವೇನೇ ಬೇಡ ಅಂತ ಹಟ ಹಿಡ್ದು ಕೂತಿದೆ ಕೂಸು. ಊರೋರು ಎಂತ ಬೇಕಾದ್ರೂ ಹೇಳ್ಲಿ. ಆದ್ರೆ ಬೇರೆಯವ್ರ ಹತ್ರ ಕೈ ನೀಡೋಕೆ ನಂಗೆ ಧೈರ್ಯ ಇಲ್ಲ. ತೆಗೆದವ್ರೇ ತೊಡ್ಸಿ.”

ಸಾಜಿಯಾ ಸೋಪಿನ ನೀರು ತಂದಳು. ತೋಟದ ಕೆಲಸಕ್ಕೆ ದಡ್ಡುಗಟ್ಟಿದ್ದ ಆ ಅಂಗೈಯನ್ನು ಹಿಡಿದು, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿದಳು. “ಸ್ವಲ್ಪ ನೋಯ್ತದೆ, ಆಯ್ತಾ? ಕೈ ಸಡಿಲ ಬಿಡಿ” ಅಂದಳು. ಸೂಜಿ ಚುಚ್ಚುವ ಮೊದಲು ಸಾವಿರ ಸಲ ಆಡಿದ ಮಾತು, ತಾನಾಗಿಯೇ ಬಂತು. ಮೊದಲ ಬಳೆ ಏರಿತು. ಎರಡನೆಯದು ಏರುವಾಗ ಹೊನ್ನಕ್ಕನ ಮಣಿಕಟ್ಟಿನ ಮೇಲೆ ಏನೋ ಬೆಚ್ಚಗೆ ಬಿತ್ತು. ಸೋಪಿನ ನೀರು ತಣ್ಣಗಿತ್ತು. ಸಾಜಿಯಾಳ ಎರಡೂ ಕೈ ಬಳೆಯಲ್ಲಿದ್ದವು, ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ಒರೆಸಿಕೊಳ್ಳುವ ಮನಸ್ಸೂ ಇರಲಿಲ್ಲ. ಎಷ್ಟು ದಿನಕ್ಕೆ ಬಂದ ಅಳು, ಬರಲಿ ಪಾಪ ಅನ್ನಿಸಿತು. ಹೊನ್ನಕ್ಕ ನೋಡಿಯೂ ನೋಡದ ಹಾಗೆ ರಸ್ತೆ ಕಡೆ ಮುಖ ಮಾಡಿದಳು.

ಕೊನೆಯ ಬಳೆ ಏರಿದ ಮೇಲೆ ಹೊನ್ನಕ್ಕ ಪದ್ಧತಿಯಂತೆ ಬಳೆಗಳನ್ನು ಕಣ್ಣಿಗೊತ್ತಿಕೊಂಡು ಕೈಮುಗಿದಳು. “ಮದುವೆಗೆ ಇಬ್ರೂ ಬರ್ಬೇಕು” ಎಂದು ಹೇಳಿ, ಬಸ್ಸಿನ ಹಾರನ್ ಕೇಳಿ ಓಡಿದಳು.

ಜಮಾಲ್ ಒರೆಸುತ್ತಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. ಕಡೆಗೆ, “ಸೊಂಟನೋವು ಅಂದಿದ್ಯಲ್ಲೇ ಮಾರಾಯ್ತಿ” ಅಂದ.

ಸಾಜಿಯಾ ಕೈ ತೊಳೆದು ಒರೆಸಿಕೊಂಡಳು. ತೋಳು ಮೇಲೇರಿಸಿ, ಬರಿಗೈಯನ್ನು ಗಂಡನ ಮುಂದೆ ನೀಡಿದಳು.

“ಹಸಿರೇ ಇರ್ಲಿ ರೀ. ಇನ್ನು ‘ನಾಳೆ’ ಅನ್ನೋದಿಲ್ಲ. ಈಗ ಡ್ಯೂಟಿ ಇಲ್ವಲ್ಲ.”